ಸರ್ಕಾರಿ ಶಾಲೆ ಟೀಚರ್ ಆಗೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ನೆಂಟರ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ ಯಾರಾದರೂ ಹಿಡಿದುಕೊಳ್ಳುತ್ತಾರೆ. "ನಮ್ಮ ಹುಡುಗಿ ಬಿ.ಇಡಿ. ಮುಗಿಸಿದಾಳೆ, ಮುಂದೇನು ಮಾಡಬೇಕು ಸಾರ್?" ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದು ಕರ್ನಾಟಕದ ಸರ್ಕಾರಿ ಶಾಲೆಗಳ ವಿಷಯ ಮಾತ್ರ.

ಬಿ.ಇಡಿ. ಆಯ್ತು. ಇನ್ನು ಕೆಲಸ ಸಿಕ್ಕಹಾಗೇ ಅಲ್ವಾ?

ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ದಾಟಬೇಕಾದ ಬಾಗಿಲು ಮೂರಿವೆ. ಮೊದಲನೆಯದು ತರಬೇತಿ, ಅಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಇಎಲ್.ಇಡಿ. ಅಥವಾ ಬಿ.ಇಡಿ. ಎರಡನೆಯದು ಟಿಇಟಿ, ಶಿಕ್ಷಕರ ಅರ್ಹತಾ ಪರೀಕ್ಷೆ. ಮೂರನೆಯದು ಸರ್ಕಾರ ಹುದ್ದೆ ಕರೆದಾಗ ಬರೆಯುವ ಸ್ಪರ್ಧಾತ್ಮಕ ಪರೀಕ್ಷೆ. ಮೊದಲ ಎರಡು ನಿಮ್ಮ ಕೈಯಲ್ಲಿವೆ. ಮೂರನೆಯದು ಸರ್ಕಾರದ ಕೈಯಲ್ಲಿದೆ. ಟಿಇಟಿ ಪಾಸಾದ ಮಾತ್ರಕ್ಕೆ ಕೆಲಸ ಕೊಡಿ ಅಂತ ಕೇಳುವ ಹಕ್ಕು ಬರುವುದಿಲ್ಲ. ಅರ್ಜಿ ಹಾಕುವ ಯೋಗ್ಯತೆ ಬರುತ್ತದೆ, ಅಷ್ಟೇ.

ಯಾವ ತರಗತಿಗೆ ಏನು ಓದಿರಬೇಕು?

ಕೋರ್ಸ್ ಹುಡುಕುವ ಮುಂಚೆ ಒಂದು ತೀರ್ಮಾನ ಮಾಡಿ. ಎಷ್ಟು ವಯಸ್ಸಿನ ಮಕ್ಕಳ ಜೊತೆ ದಿನವಿಡೀ ಇರಬಲ್ಲಿರಿ? ಮೂಗು ಸೋರಿಸಿಕೊಂಡು ಬಂದು ಸೆರಗು ಹಿಡಿದು ಎಳೆಯುವ ಒಂದನೇ ಕ್ಲಾಸಿನವರ ಜೊತೆಗಾ, ಇಲ್ಲ ಎದುರು ಮಾತಾಡುವ ಒಂಬತ್ತನೇ ಕ್ಲಾಸಿನವರ ಜೊತೆಗಾ? ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ಸರಿಹೋಗುತ್ತದೆ.

1ರಿಂದ 5ನೇ ತರಗತಿಗೆ ಪಿಯುಸಿ ಮತ್ತು ಎರಡು ವರ್ಷದ ಡಿ.ಇಎಲ್.ಇಡಿ. ಬೇಕು. ಹಿಂದೆ ಇದೇ ಟಿ.ಸಿ.ಎಚ್. ಆಗಿತ್ತು, ಆಮೇಲೆ ಡಿ.ಇಡಿ. ಆಯಿತು. ಹಳಬರು ಈಗಲೂ ಟಿ.ಸಿ.ಎಚ್. ಅಂತಲೇ ಹೇಳುತ್ತಾರೆ. ಜೊತೆಗೆ ಟಿಇಟಿ ಪತ್ರಿಕೆ 1 ಪಾಸಾಗಿರಬೇಕು. 6ರಿಂದ 8ಕ್ಕೆ ಪದವಿ, ಅದರ ಜೊತೆ ಬಿ.ಇಡಿ. ಅಥವಾ ಡಿ.ಇಎಲ್.ಇಡಿ., ಮೇಲೆ ಟಿಇಟಿ ಪತ್ರಿಕೆ 2. ಈ ಹುದ್ದೆಗೆ ಪದವೀಧರ ಪ್ರಾಥಮಿಕ ಶಿಕ್ಷಕ ಎಂದು ಹೆಸರು, ಎಲ್ಲರ ಬಾಯಲ್ಲೂ ಜಿಪಿಟಿ. 9 ಮತ್ತು 10ಕ್ಕೆ ಪದವಿ ಮತ್ತು ಬಿ.ಇಡಿ. ಟಿಇಟಿ ಕಡ್ಡಾಯ ಮಾಡಿರುವುದು 1ರಿಂದ 8ಕ್ಕೆ ಮಾತ್ರ. ಪಿಯು ಉಪನ್ಯಾಸಕರಾಗಲು ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ. ಬೇಕು.

ನನ್ನದು ಬಿ.ಇಡಿ. ಆಗಿದೆ. ಚಿಕ್ಕ ಮಕ್ಕಳಿಗೂ ಪಾಠ ಮಾಡಬಹುದಾ?

ಆಗುವುದಿಲ್ಲ. 2018ರಲ್ಲಿ ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಬಿ.ಇಡಿ.ಯವರೂ 1ರಿಂದ 5ಕ್ಕೆ ಆಗಬಹುದು ಎಂದು ಬಾಗಿಲು ತೆರೆದಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿತು. ಚಿಕ್ಕ ಮಕ್ಕಳಿಗೆ ಕಲಿಸುವುದೇ ಬೇರೆ ವಿದ್ಯೆ, ಅದಕ್ಕೆ ಡಿ.ಇಎಲ್.ಇಡಿ. ತರಬೇತಿಯೇ ಬೇಕು ಎಂಬುದು ತೀರ್ಪಿನ ತಿರುಳು. ಬಿ.ಇಡಿ. ದೊಡ್ಡದು, ಡಿ.ಇಡಿ. ಚಿಕ್ಕದು ಅಂತ ನಮ್ಮಲ್ಲಿ ಒಂದು ಲೆಕ್ಕ ಇದೆಯಲ್ಲ, ಅದು ಸುಮ್ನೆ. ಅಕ್ಷರವೇ ಗೊತ್ತಿಲ್ಲದ ಮಗುವಿಗೆ ಓದು ಹತ್ತಿಸುವುದಕ್ಕಿಂತ ಕಷ್ಟದ ಕೆಲಸ ನಮ್ಮ ಇಡೀ ಇಲಾಖೆಯಲ್ಲಿ ಇಲ್ಲ.

ಪಿಯುಸಿ ಮುಗಿದಿದೆ. ಡಿ.ಇಎಲ್.ಇಡಿ. ಸೇರಲಾ, ಡಿಗ್ರಿ ಮಾಡಲಾ?

ಮನೆಯಲ್ಲಿ ಸ್ವಲ್ಪ ತಾಳಿಕೊಳ್ಳುವ ಸ್ಥಿತಿ ಇದ್ದರೆ ಎರಡೂ ಮಾಡಿ, ಒಂದಾದ ಮೇಲೊಂದು. ಡಿ.ಇಎಲ್.ಇಡಿ. ಮತ್ತು ಪದವಿ ಎರಡೂ ಇದ್ದವರಿಗೆ 1ರಿಂದ 5ರ ದಾರಿಯೂ ಇದೆ, 6ರಿಂದ 8ರ ದಾರಿಯೂ ಇದೆ. ಬರೀ ಪದವಿ ಮತ್ತು ಬಿ.ಇಡಿ. ಇದ್ದವರಿಗೆ ಮೊದಲನೆಯದು ಮುಚ್ಚಿದೆ. ನನ್ನ ಜೊತೆ ಓದಿದವರಲ್ಲಿ ಇದನ್ನು ಯೋಚಿಸಿ ಡಿ.ಇಡಿ. ಸೇರಿದವರು ಇಬ್ಬರೇ. ಉಳಿದವರು, ನನ್ನನ್ನೂ ಸೇರಿಸಿ, "ಅಯ್ಯೋ ಡಿ.ಇಡಿ.ನಾ" ಅಂತ ಮೂಗು ಮುರಿದವರು. ಡಿ.ಇಎಲ್.ಇಡಿ.ಗೆ ಪಿಯುಸಿಯಲ್ಲಿ ಶೇ. 50 ಅಂಕ ಬೇಕು, ಮೀಸಲಾತಿಯ ಕೆಲವು ವರ್ಗಗಳಿಗೆ ಶೇ. 45.

ನಾಲ್ಕು ವರ್ಷದಲ್ಲಿ ಡಿಗ್ರಿ, ಬಿ.ಇಡಿ. ಎರಡೂ ಆಗುವ ಕೋರ್ಸ್ ಇದೆಯಂತೆ?

ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ, ಎಲ್ಲರೂ ಆರ್‌ಐಇ ಅನ್ನುತ್ತಾರೆ, ಇದು ಬಹಳ ಹಿಂದಿನಿಂದಲೇ ನಡೆದುಬಂದಿದೆ. ಬಿ.ಎಸ್ಸಿ. ಬಿ.ಇಡಿ., ಬಿ.ಎ. ಬಿ.ಇಡಿ. ಎರಡೂ ಇವೆ. ಪದವಿ ಮೂರು ವರ್ಷ, ಬಿ.ಇಡಿ. ಎರಡು ವರ್ಷ ಅಂತ ಲೆಕ್ಕ ಹಾಕಿದರೆ ಇಲ್ಲಿ ಒಂದು ವರ್ಷ ಉಳಿಯುತ್ತದೆ. ಪ್ರವೇಶ ಪರೀಕ್ಷೆ ಇರುತ್ತದೆ, ಪಿಯುಸಿ ಎರಡನೇ ವರ್ಷದಲ್ಲೇ ಅದರ ಮೇಲೆ ಕಣ್ಣಿಟ್ಟಿರಬೇಕು. ಪಿಯುಸಿಯಲ್ಲೇ "ನಾನು ಟೀಚರೇ ಆಗೋದು" ಅಂತ ಗಟ್ಟಿಯಾಗಿ ಹೇಳುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ನಾನು ಬಿ.ಕಾಂ. ನನಗೇನು ದಾರಿ?

ಬೇಜಾರಾಗಬೇಡಿ. ನಮ್ಮ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ವಾಣಿಜ್ಯಶಾಸ್ತ್ರ ಅನ್ನುವ ವಿಷಯಕ್ಕೇ ಬೇರೆ ಹುದ್ದೆ ಇಲ್ಲ. ವಾಣಿಜ್ಯ ಶುರುವಾಗುವುದು ಪಿಯುಸಿಯಲ್ಲಿ. ಎಂ.ಕಾಂ. ಮತ್ತು ಬಿ.ಇಡಿ. ಮಾಡಿ ಪಿಯು ಉಪನ್ಯಾಸಕ ಹುದ್ದೆಗೆ ಕಾಯುವುದು ಒಂದು ದಾರಿ. ಬಿ.ಕಾಂ. ಆದವರನ್ನು "ಬನ್ನಿ ಬನ್ನಿ" ಅಂತ ಬಿ.ಇಡಿ.ಗೆ ಸೇರಿಸಿಕೊಂಡು ಇದನ್ನು ಹೇಳದೇ ಇರುವ ಕಾಲೇಜುಗಳಿವೆ. ಫೀಸ್ ಕಟ್ಟುವ ಮುಂಚೆ ಹಿಂದಿನ ನೇಮಕಾತಿ ಅಧಿಸೂಚನೆ ತೆಗೆದು, ನಿಮ್ಮ ಪದವಿಯ ವಿಷಯಗಳು ಅದರಲ್ಲಿವೆಯಾ ಅಂತ ಬೆರಳಿಟ್ಟು ನೋಡಿ. ಬಿ.ಎ. ಮಾಡಿದವರೂ ಅಷ್ಟೇ, ಯಾವ ಮೂರು ಐಚ್ಛಿಕ ತೆಗೆದುಕೊಂಡಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಬಿ.ಇ. ಆದವರು ಬಿ.ಇಡಿ. ಸೇರಬಹುದು, ಶೇ. 55 ಅಂಕ ಬೇಕು.

ಕಾಲೇಜಿಗೆ ಹೋಗದೇ ಬಿ.ಇಡಿ. ಮಾಡಬಹುದು ಅಂತ ಒಬ್ಬರು ಹೇಳಿದರು. ನಿಜಾನಾ?

ಹಾಗೆ ಹೇಳಿದವರಿಂದ ದೂರ ಇರಿ. ಬಿ.ಇಡಿ. 2015ರಿಂದ ಎರಡು ವರ್ಷದ ಕೋರ್ಸ್. ತರಗತಿಗೆ ಶೇ. 80 ಹಾಜರಾತಿ ಬೇಕು, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ. 90. "ಅಟೆಂಡೆನ್ಸ್ ನಾವು ನೋಡ್ಕೋತೀವಿ, ಪರೀಕ್ಷೆಗೆ ಬಂದರೆ ಸಾಕು" ಅನ್ನುವವರು ನಿಮ್ಮ ಎರಡು ವರ್ಷ ಮತ್ತು ದುಡ್ಡು ಎರಡನ್ನೂ ತಿನ್ನುತ್ತಾರೆ. ಸೇರುವ ಮುಂಚೆ ಆ ಕಾಲೇಜಿಗೆ, ಆ ಕೋರ್ಸಿಗೆ, ಅಷ್ಟು ಸೀಟಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿ. ಬಾಗಿಲ ಮೇಲಿನ ಬೋರ್ಡು ನೋಡಿ ನಂಬಬೇಡಿ.

ನಾನು ಓದಿದ ಕಾಲೇಜು ಮಾನ್ಯತೆ ಇದ್ದದ್ದೇ. ಆದರೂ ಅಂಕಪಟ್ಟಿ ಕೇಳಲು ಹೋದಾಗ ಯಾವುದೋ "ಅಭಿವೃದ್ಧಿ ನಿಧಿ" ಅಂತ ಹೇಳಿ ಇನ್ನೊಂದಷ್ಟು ಕಿತ್ತುಕೊಂಡರು. ರಸೀದಿ ಕೇಳಿದೆ. "ರಸೀದಿ ಬೇಕಾ, ಅಂಕಪಟ್ಟಿ ಬೇಕಾ" ಅಂದರು. ಅಂಕಪಟ್ಟಿ ತಗೊಂಡು ಬಂದೆ.

ದೂರ ಶಿಕ್ಷಣದ ಬಿ.ಇಡಿ.?

ಇದು ನಿಜವಾಗಿಯೂ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೂ ಇದೆ, ಇಗ್ನೋದಲ್ಲೂ ಇದೆ. ಆದರೆ ಎಲ್ಲರಿಗೂ ಅಲ್ಲ. ಈಗಾಗಲೇ ತರಬೇತಿ ಆಗಿರುವವರಿಗೆ, ಕೆಲಸದಲ್ಲಿರುವ ಶಿಕ್ಷಕರಿಗೆ. ಡಿ.ಇಎಲ್.ಇಡಿ. ಮೊದಲು ಮಾಡಿ ಅಂತ ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇಂಟರ್ನ್‌ಶಿಪ್‌ನಲ್ಲಿ ಏನು ಮಾಡಿಸುತ್ತಾರೆ? ಸುಮ್ನೆ ಸಹಿ ಹಾಕಿಸಿಕೊಂಡು ಬರಬಹುದಾ?

ಬರಬಹುದು. ಬರುವವರೂ ಇದ್ದಾರೆ. ಆದರೆ ನನಗೆ ಪಾಠ ಹೇಳುವುದು ಬಂದದ್ದೇ ಅಲ್ಲಿ.

ಬಿ.ಇಡಿ.ಯಲ್ಲಿ ಒಟ್ಟು 20 ವಾರ ಶಾಲೆಯಲ್ಲಿ ಇರಬೇಕು, ಮೊದಲ ವರ್ಷ 4, ಎರಡನೇ ವರ್ಷ 16. ನನ್ನನ್ನು ಹಾಕಿದ್ದ ಶಾಲೆಯಲ್ಲಿ ನಲಿ-ಕಲಿ ಕೋಣೆಯೂ ಇತ್ತು. ಒಂದು, ಎರಡು, ಮೂರನೇ ತರಗತಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಲಿಯುವ ಪದ್ಧತಿ ಅದು. 1990ರ ದಶಕದಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ನನ್ನದು 6ರಿಂದ 8, ಅಲ್ಲಿ ನನಗೆ ಕೆಲಸವೇ ಇರಲಿಲ್ಲ. ಒಂದು ದಿನ ಆ ಟೀಚರ್ ರಜೆ ಹಾಕಿದರು, ಎಚ್‌ಎಂ ನನ್ನನ್ನು ಒಳಗೆ ಕಳಿಸಿದರು. ಗೋಡೆ ಮೇಲೆ ಕಲಿಕಾ ಏಣಿ, ತಂತಿಗೆ ನೇತುಹಾಕಿದ ಚಿತ್ರಗಳು, ಮೂಲೆಯಲ್ಲಿ ಕಾರ್ಡುಗಳ ರಾಶಿ. ಹತ್ತು ನಿಮಿಷದಲ್ಲಿ ಇಡೀ ಕೋಣೆ ಸಂತೆ. ನಾನು ಕಿರುಚುತ್ತಿದ್ದೆ, ಅವರು ಇನ್ನೂ ಜೋರಾಗಿ ಕಿರುಚುತ್ತಿದ್ದರು. ಕೊನೆಗೆ ಎರಡನೇ ಕ್ಲಾಸಿನ ಒಂದು ಹುಡುಗಿ ನನ್ನ ಹತ್ತಿರ ಬಂದು, "ಸಾ, ನೀವು ಕೂತ್ಕಳಿ, ನಮ್ಮಿಸ್ಸು ಕೂತ್ಕಂಡೇ ಹೇಳೋದು" ಅಂದಳು. ಕೂತೆ. ನಾನು ನೆಲದ ಮೇಲೆ ಕೂತ ಕೂಡಲೇ ನಾಲ್ಕು ಮಕ್ಕಳು ಬಂದು ಸುತ್ತ ಕೂತರು, ಉಳಿದವರು ಅವರವರ ಕಾರ್ಡು ಹುಡುಕಿಕೊಂಡರು. ಬಿ.ಇಡಿ. ಪುಸ್ತಕದಲ್ಲಿ ತರಗತಿ ನಿರ್ವಹಣೆ ಅಂತ ಒಂದು ಅಧ್ಯಾಯವೇ ಇತ್ತು. ಕೂತುಕೊಳ್ಳಿ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಪಾಠ ಯೋಜನೆಯನ್ನು ಸೀನಿಯರ್ ರೆಕಾರ್ಡಿನಿಂದ ನಕಲು ಮಾಡಬೇಡಿ. ಐದೇ ಪಾಠಕ್ಕಾದರೂ ಸ್ವಂತವಾಗಿ ಬರೆಯಿರಿ.

ಟಿಇಟಿ ಅಂದರೆ ಸರಿಯಾಗಿ ಏನು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಿಕ್ಷಕರ ಅರ್ಹತೆ ಏನಿರಬೇಕು ಎಂದು ಎನ್‌ಸಿಟಿಇ ನಿಗದಿ ಮಾಡುತ್ತದೆ. ಅದು 2010ರ ಆಗಸ್ಟ್‌ನಲ್ಲಿ ಟಿಇಟಿ ಕಡ್ಡಾಯ ಮಾಡಿತು. ನಮ್ಮ ರಾಜ್ಯದ ಪರೀಕ್ಷೆ ಕೆಎಆರ್‌ಟಿಇಟಿ. ನಡೆಸುವುದು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಎಲ್ಲ ಬಹು ಆಯ್ಕೆ ಪ್ರಶ್ನೆಗಳೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಪತ್ರಿಕೆ 1ರಲ್ಲಿ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರ, ಭಾಷೆ 1, ಭಾಷೆ 2, ಗಣಿತ, ಪರಿಸರ ಅಧ್ಯಯನ. ಪ್ರತಿಯೊಂದಕ್ಕೂ 30. ಪತ್ರಿಕೆ 2ರಲ್ಲಿ ಮೊದಲ ಮೂರು ಅವೇ, ಉಳಿದ 60 ಅಂಕಕ್ಕೆ ಗಣಿತ ಮತ್ತು ವಿಜ್ಞಾನ, ಇಲ್ಲವೇ ಸಮಾಜ ವಿಜ್ಞಾನ. ಎರಡಕ್ಕೂ ಅರ್ಹತೆ ಇದ್ದರೆ ಒಂದೇ ದಿನ ಎರಡನ್ನೂ ಬರೆಯಬಹುದು. ಸಂಜೆ ಹೊತ್ತಿಗೆ ತಲೆ ಧಿಂ ಅನ್ನುತ್ತದೆ, ಅಷ್ಟೇ.

ಪಾಸಾಗಲು ಎಷ್ಟು ಬೇಕು? ಎಷ್ಟು ಸಲ ಬರೆಯಬಹುದು?

ಸಾಮಾನ್ಯ ವರ್ಗ ಮತ್ತು 2ಎ, 2ಬಿ, 3ಎ, 3ಬಿಯವರಿಗೆ ಶೇ. 60, ಅಂದರೆ 90 ಅಂಕ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 55. ಎಷ್ಟು ಸಲ ಬೇಕಾದರೂ ಬರೆಯಬಹುದು, ವಯಸ್ಸಿನ ಮಿತಿ ಇಲ್ಲ. ಪಾಸಾದ ಮೇಲೂ ಅಂಕ ಜಾಸ್ತಿ ಮಾಡಿಕೊಳ್ಳಲು ಬರೆಯಬಹುದು. ಅದು ಯಾಕೆ ಮುಖ್ಯ ಅಂತ ಕೆಳಗೆ ಬರುತ್ತದೆ. ನಾನು ಮೂರು ಸಲ ಬರೆದೆ. ಮೊದಲ ಸಲ 87.

ಪ್ರಮಾಣಪತ್ರ ಮೊದಲು ಏಳು ವರ್ಷಕ್ಕೆ ಮಾತ್ರ ಇತ್ತು. 2021ರ ಜೂನ್‌ನಲ್ಲಿ ಜೀವಮಾನಪೂರ್ತಿ ಅಂತ ಮಾಡಿದರು, ಅದೂ 2011ರಿಂದಲೇ ಅನ್ವಯ ಆಗುವಂತೆ. ಹಳೇ ಪ್ರಮಾಣಪತ್ರ ಟ್ರಂಕಿನಲ್ಲಿದ್ದರೆ ಎಸೆಯಬೇಡಿ.

ಕೋಚಿಂಗ್ ಸೇರಲೇಬೇಕಾ?

ಬೇಕಿಲ್ಲ. ನಮ್ಮ ಶಾಲಾ ಪಠ್ಯಪುಸ್ತಕಗಳನ್ನು ಒಂದರಿಂದ ಹತ್ತನೇ ತರಗತಿವರೆಗೆ ಎದುರಿಗಿಟ್ಟುಕೊಂಡು ಓದಿ, ವಿಷಯದ ಬಹುಪಾಲು ಅಲ್ಲೇ ಮುಗಿಯುತ್ತದೆ. ಹಳೇ ಪ್ರಶ್ನೆಪತ್ರಿಕೆ ಹಿಡಿದು ಗಡಿಯಾರ ಇಟ್ಟುಕೊಂಡು ಬರೆಯಿರಿ. ಜನ ಕೈಸುಟ್ಟುಕೊಳ್ಳುವುದು ಶಿಶು ವಿಕಾಸದಲ್ಲಿ. ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್ ಅಂತ ಮನಶ್ಶಾಸ್ತ್ರಜ್ಞರ ಹೆಸರು, ಅವರು ಹೇಳಿದ ಹಂತ, ವಯಸ್ಸು ಬಾಯಿಪಾಠ ಮಾಡಿ ಹೋಗುತ್ತಾರೆ. ಅಲ್ಲಿ ಕೇಳುವುದು ಹಾಗಲ್ಲ. ಗಿಡ್ಡ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದರೆ ನೀರು ಜಾಸ್ತಿ ಆಯ್ತು ಅನ್ನುವ ಮಗು ಯಾವ ಹಂತದಲ್ಲಿದೆ, ಅಂತ ಕೇಳುತ್ತಾರೆ. ಮನೆಯಲ್ಲಿ ಐದು ವರ್ಷದ ಮಗು ಇದ್ದರೆ ಎರಡು ಲೋಟ ತಂದು ಒಮ್ಮೆ ಮಾಡಿ ನೋಡಿ. ಆಮೇಲೆ ಮರೆಯುವುದೇ ಇಲ್ಲ.

ಕೇಂದ್ರದ ಸಿಟಿಇಟಿ ಬರೆದರೆ ಹೇಗೆ?

ಸಿಬಿಎಸ್‌ಇ ನಡೆಸುವ ಪರೀಕ್ಷೆ ಅದು. ಕೇಂದ್ರೀಯ ವಿದ್ಯಾಲಯ, ನವೋದಯದ ಕಡೆ ಮನಸ್ಸಿದ್ದರೆ ಬರೆಯಿರಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ರಾಜ್ಯದ ಶಾಲೆಗೇ ಬರುವವರು ಕೆಎಆರ್‌ಟಿಇಟಿ ಬಿಡಬೇಡಿ.

ಈಗಾಗಲೇ ಕೆಲಸದಲ್ಲಿರುವವರೂ ಟಿಇಟಿ ಬರೆಯಬೇಕಂತೆ, ಹೌದಾ?

ಹೌದು, ಸ್ಟಾಫ್ ರೂಮಿನಲ್ಲಿ ದೊಡ್ಡ ಗದ್ದಲ ಎಬ್ಬಿಸಿದ ತೀರ್ಪು ಅದು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ, ಟಿಇಟಿ ಇಲ್ಲದ ಶಿಕ್ಷಕರು ಎರಡು ವರ್ಷದೊಳಗೆ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವರು ಈಗ ಹೊಸಬರ ಹತ್ತಿರ ಬಂದು "ನಿನ್ನ ನೋಟ್ಸ್ ಕೊಡಪ್ಪ" ಅಂತಾರೆ. ಹೊಸದಾಗಿ ಬರುವ ನಿಮಗೆ ಇದರಿಂದ ಒಂದು ಪಾಠ ಉಂಟು, ಟಿಇಟಿ ಇಲ್ಲದೆ ಒಳಗೆ ನುಗ್ಗುವ ಅಡ್ಡದಾರಿ ಹುಡುಕಬೇಡಿ.

ಟಿಇಟಿ ಪಾಸಾಯ್ತು. ಆಮೇಲೆ?

ಆಮೇಲೆ ಕಾಯುವುದು. ಕಾಯುತ್ತಾ ಓದುವುದು.

ಜಿಪಿಟಿಗೆ ನಡೆದ ದೊಡ್ಡ ನೇಮಕಾತಿ 2022ರದ್ದು, 15,000 ಹುದ್ದೆ. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಮೂರು ಪತ್ರಿಕೆ ಇದ್ದವು. ಮೊದಲನೆಯದು ಸಾಮಾನ್ಯ ಜ್ಞಾನದಂಥದ್ದು, ಎರಡನೆಯದು ನಿಮ್ಮ ವಿಷಯ, ಮೂರನೆಯದು ಭಾಷಾ ಸಾಮರ್ಥ್ಯ. ಟಿಇಟಿಯಲ್ಲಿ ಬರೀ ವೃತ್ತ ತುಂಬಿ ಅಭ್ಯಾಸವಾದವರಿಗೆ ಇಲ್ಲಿ ಹೊಡೆತ ಬೀಳುತ್ತದೆ, ಏಕೆಂದರೆ ವಿಷಯ ಪತ್ರಿಕೆಯ ದೊಡ್ಡ ಭಾಗ ಮತ್ತು ಭಾಷಾ ಪತ್ರಿಕೆ ವಿವರವಾಗಿ ಕೈಯಲ್ಲಿ ಬರೆಯುವಂಥವು, ಮತ್ತು ಅವುಗಳಲ್ಲಿ ಇಂತಿಷ್ಟು ಕನಿಷ್ಠ ಅಂಕ ಬರದಿದ್ದರೆ ಉಳಿದದ್ದರಲ್ಲಿ ಎಷ್ಟೇ ಬಂದಿದ್ದರೂ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಅಷ್ಟು ಹುದ್ದೆ ಕರೆದರೂ ಎಲ್ಲ ತುಂಬಲಿಲ್ಲ.

ಅಂತಿಮ ಮೆರಿಟ್‌ಗೆ ಈ ಪರೀಕ್ಷೆಯ ಅಂಕದ ಜೊತೆ ಟಿಇಟಿ, ಪದವಿ, ಬಿ.ಇಡಿ. ಅಂಕಗಳೂ ಸೇರುತ್ತವೆ. ಟಿಇಟಿಯನ್ನು ಮತ್ತೆ ಬರೆಯಿರಿ ಅಂದಿದ್ದು ಇದಕ್ಕೇ. ಒಂದು ಅಂಕದ ಒಳಗೆ ನೂರಾರು ಜನ ಇರುತ್ತಾರೆ.

ಕನ್ನಡ ನಮ್ಮ ಭಾಷೆ, ಅದಕ್ಕೇನು ತಯಾರಿ?

ಹೀಗೆ ಅಂದುಕೊಂಡೇ ಜನ ಉರುಳುವುದು. ಮಾತಾಡುವುದು ಬೇರೆ, ಪುಟ ತುಂಬ ತಪ್ಪಿಲ್ಲದೆ ಬರೆಯುವುದು ಬೇರೆ. ಬಾಯಲ್ಲಿ 'ಅಳ್ಳಿ' ಅನ್ನುವವರು ಕೈಯಲ್ಲೂ ಹಳ್ಳಿಯ ಹ ಬಿಡುತ್ತಾರೆ, ಇಲ್ಲದ ಕಡೆ ಸೇರಿಸಿ 'ಹಾಕಾಶ' ಬರೆಯುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ ತಪ್ಪುವುದು, ಒತ್ತಕ್ಷರ ಬಿಟ್ಟುಹೋಗುವುದು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆದು ಬರೆದು ಕೈಗೇ ಕನ್ನಡ ಮರೆತುಹೋಗಿದೆ. ದಿನಾ ಒಂದು ಪುಟ, ಪೆನ್ನು ಹಿಡಿದು ಬರೆಯಿರಿ. ಪತ್ರಿಕೆಯ ಸಂಪಾದಕೀಯ ಓದಿ ಮುಚ್ಚಿಟ್ಟು ನಿಮ್ಮ ಮಾತಲ್ಲಿ ಸಂಕ್ಷೇಪ ಮಾಡಿ. ಮನೆಯಲ್ಲಿ ಹಳೇ ಕಾಲದ ಮೇಷ್ಟ್ರು ಯಾರಾದರೂ ಇದ್ದರೆ ಅವರ ಕೈಗೆ ಕೆಂಪು ಪೆನ್ನು ಕೊಡಿ, ಖುಷಿಯಿಂದ ಗೀಚುತ್ತಾರೆ.

ಮುಂದಿನ ನೇಮಕಾತಿ ಯಾವಾಗ?

ಈ ಪ್ರಶ್ನೆ ನನ್ನನ್ನು ಕೇಳಬೇಡಿ. ಯೂಟ್ಯೂಬಿನವರನ್ನೂ ಕೇಳಬೇಡಿ, ಅವರು ಪ್ರತಿ ವಾರ "ಗುಡ್ ನ್ಯೂಸ್" ಹೇಳುತ್ತಾರೆ. 2024ರ ಕೊನೆಯಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆಗಳನ್ನೇ ಸರ್ಕಾರ ನಿಲ್ಲಿಸಿತ್ತು. ಇಂಥವು ಬರುತ್ತಲೇ ಇರುತ್ತವೆ. ಅಧಿಸೂಚನೆ ಇಲಾಖೆಯ ವೆಬ್‌ಸೈಟಿನಲ್ಲಿ ಬಂದರೆ ಮಾತ್ರ ಬಂದ ಹಾಗೆ.

ಯಾವ ದಾಖಲೆ ಈಗಲೇ ಮಾಡಿಸಿಟ್ಟುಕೊಳ್ಳಬೇಕು?

ದಾಖಲೆ ಪರಿಶೀಲನೆಯ ದಿನ ಡಿಡಿಪಿಐ, ಅಂದರೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರ ಕಚೇರಿ ಕಾರಿಡಾರಿನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ನನ್ನ ಮುಂದೆ ಇದ್ದ ಹೆಣ್ಣುಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇತ್ತು, ಪದವಿಯಲ್ಲಿ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಮೂರೂ ಅವಳೇ ಅಂತ ಅಫಿಡವಿಟ್ ಮಾಡಿಸಲು ನೋಟರಿ ಹುಡುಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಓಡಿದಳು. ಮೇಲಿನ ಅಂಕ ಬಂದಿದ್ದವಳು, ಊಟ ಕೂಡ ಮಾಡಿರಲಿಲ್ಲ. ಎಲ್ಲ ಕಡೆ ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ಹಾಗೇ ಹೆಸರು ಇರುವಂತೆ ಈಗಲೇ ನೋಡಿಕೊಳ್ಳಿ.

1ರಿಂದ 10ರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ ಮಾಡಿಸಿ, ಅದೇ ರೀತಿ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರದ್ದು. ಮುಖ್ಯ ಶಿಕ್ಷಕರ ಸಹಿ, ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆ ಅಲೆಯಬೇಕು. ಎಷ್ಟೋ ಜನ ಕೊನೇ ವಾರ ಓಡುತ್ತಾರೆ, ಆಗ ಶಾಲೆಗೆ ರಜೆ ಇರುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅರ್ಜಿಯ ಕೊನೇ ದಿನಕ್ಕೆ ಅದು ಚಾಲ್ತಿಯಲ್ಲಿರಬೇಕು ಅನ್ನುವುದನ್ನು ಮರೆಯಬೇಡಿ. ಆಯ್ಕೆಯಾದ ಮೇಲೆ ಜಾತಿ ಸಿಂಧುತ್ವ, ಪೊಲೀಸ್ ಪರಿಶೀಲನೆ, ವೈದ್ಯಕೀಯ ಪರೀಕ್ಷೆ ಬೇರೆ ಇವೆ.

ಮದುವೆಯಾಗಿದೆ. ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲಾ, ಗಂಡನ ಹೆಸರಲ್ಲಾ?

2022ರ ನೇಮಕಾತಿ ಇದೇ ಪ್ರಶ್ನೆಗೆ ಹೈಕೋರ್ಟ್ ಮೆಟ್ಟಿಲು ಹತ್ತಿತು. ತಂದೆಯ ಆದಾಯದ ಪತ್ರ ಕೊಟ್ಟಿದ್ದ ವಿವಾಹಿತೆಯರನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿದ್ದಕ್ಕೆ ಜಗಳ ಶುರುವಾಗಿ, ಪಟ್ಟಿ ರದ್ದಾಗಿ, ಹೊಸ ಪಟ್ಟಿ ಬಂದು, ಮತ್ತೆ ಮೇಲ್ಮನವಿಯಾಗಿ ಆಯ್ಕೆಯಾದ ಸಾವಿರಾರು ಜನ 2023ರ ಅಕ್ಟೋಬರ್‌ವರೆಗೆ ಶಾಲೆ ಮುಖ ನೋಡದೆ ಕೂತರು. ಹಾಗಾಗಿ ಊಹೆ ಮಾಡಬೇಡಿ. ಅಧಿಸೂಚನೆಯ ಆ ಪ್ಯಾರಾ ಎರಡು ಸಲ ಓದಿ, ಅದು ಏನು ಕೇಳುತ್ತದೋ ಅದನ್ನೇ ಕೊಡಿ. ಎರಡೂ ಮಾಡಿಸಿಟ್ಟುಕೊಂಡರೆ ನಷ್ಟವೇನಿಲ್ಲ.

ನಾನು ರಾಯಚೂರಿನವಳು. ನನಗೇನಾದರೂ ಬೇರೆ ನಿಯಮ ಇದೆಯಾ?

ಇದೆ, ಒಳ್ಳೆಯ ನಿಯಮವೇ. ಸಂವಿಧಾನದ 371ಜೆ ವಿಧಿ ಪ್ರಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಹುದ್ದೆಗಳಲ್ಲಿ ದೊಡ್ಡ ಪಾಲು ಸ್ಥಳೀಯರಿಗೇ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪತ್ರ ಬೇಕು. ಅದು ಒಂದೇ ದಿನಕ್ಕೆ ಸಿಗುವ ಕಾಗದ ಅಲ್ಲ, ಮುಂಚೆಯೇ ಅರ್ಜಿ ಹಾಕಿ.

ಮೂವತ್ತೆಂಟು ಆಯ್ತು. ತಡ ಆಯ್ತಾ?

ಇಲ್ಲ. 2022ರ ನೇಮಕಾತಿಯಲ್ಲಿ ನಲವತ್ತು ದಾಟಿದವರಿಗೂ ಅವಕಾಶ ಇತ್ತು. ಪ್ರತಿ ಅಧಿಸೂಚನೆಯಲ್ಲೂ ವಯೋಮಿತಿ ವರ್ಗವಾರು ಬರೆದಿರುತ್ತಾರೆ.

ಕಾಯುವ ಹೊತ್ತಿನಲ್ಲಿ ಅತಿಥಿ ಶಿಕ್ಷಕಿಯಾಗಿ ಹೋಗಲಾ?

ಹೋಗಿ, ಆದರೆ ಕಣ್ಣು ತೆರೆದು ಹೋಗಿ. ಗೌರವಧನ ತಿಂಗಳಿಗೆ ಹತ್ತು-ಹನ್ನೆರಡು ಸಾವಿರದ ಆಸುಪಾಸು, ಅದೂ ತಿಂಗಳು ತಿಂಗಳು ಕೈಗೆ ಬರುತ್ತದೆ ಅಂತ ನೆಚ್ಚಬೇಡಿ. ರಜೆಯಲ್ಲಿ ಇಲ್ಲ. ಅತಿಥಿಯಾಗಿದ್ದರೆ ಮುಂದೆ ಕಾಯಂ ಮಾಡುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಓದು ಬಿಟ್ಟವರನ್ನು ನೋಡಿದ್ದೇನೆ, ನೋಡಿ ಸಂಕಟ ಆಗುತ್ತದೆ. ಒಂದೆರಡು ವರ್ಷ ಮಾಡಿದರೆ ಕೈ ಪಳಗುತ್ತದೆ, ಅದು ನಿಜವಾದ ಲಾಭ. ಹುದ್ದೆ ಖಾಲಿ ಇರುವ ಶಾಲೆಯ ಎಚ್‌ಎಂ ಹತ್ತಿರ ಜೂನ್‌ಗೆ ಮುಂಚೆಯೇ ಹೋಗಿ ಕೇಳಿ.

ಸಂಬಳ, ಪಿಂಚಣಿ?

ರಾಜ್ಯದ ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್ 1ರಿಂದ ಜಾರಿಯಾಗಿದೆ. ರಾಜ್ಯ ಸರ್ಕಾರಿ ನೌಕರಿಯ ಅತಿ ಕೆಳಗಿನ ಮೂಲವೇತನವೇ 27,000, ಶಿಕ್ಷಕರದು ಅದಕ್ಕಿಂತ ಮೇಲೆ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಪ್ರತಿ ತಿಂಗಳು ನಿಮ್ಮ ಸಂಬಳದಿಂದಲೂ ಕಟ್ ಆಗುತ್ತದೆ.

ನಮ್ಮೂರಲ್ಲೇ ಪೋಸ್ಟಿಂಗ್ ಸಿಗುತ್ತದಾ?

ಕೌನ್ಸೆಲಿಂಗ್‌ನಲ್ಲಿ ಮೆರಿಟ್ ಪ್ರಕಾರ ಕರೆದು ಖಾಲಿ ಇರುವ ಶಾಲೆಗಳ ಪಟ್ಟಿ ತೋರಿಸುತ್ತಾರೆ, ಅದರಲ್ಲಿ ಆರಿಸಿಕೊಳ್ಳಬೇಕು. ಪೇಟೆಯ ಒಳಗಿನ ಶಾಲೆ ಹೊಸಬರಿಗೆ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಪಟ್ಟಿ ಮುಂಚೆಯೇ ಪ್ರಕಟವಾದರೆ ಬೈಕ್ ಹತ್ತಿ ಒಮ್ಮೆ ಹೋಗಿ ನೋಡಿ ಬನ್ನಿ. ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ, ಸಂಜೆ ಬಸ್ಸು ಇದೆಯಾ, ಶೌಚಾಲಯಕ್ಕೆ ನೀರಿದೆಯಾ. ನಾನು ನಕ್ಷೆ ನೋಡಿ ಹತ್ತಿರ ಅಂತ ಆರಿಸಿದೆ. ಮಧ್ಯೆ ಒಂದು ಹಳ್ಳ ಇತ್ತು, ಮಳೆಗಾಲದಲ್ಲಿ ಸುತ್ತು ಹಾಕಿ ಹೋಗಬೇಕು.

ಪಾಠಕ್ಕಿಂತ ಬೇರೆ ಕೆಲಸವೇ ಜಾಸ್ತಿ ಅಂತಾರೆ?

ಸುಳ್ಳು ಹೇಳುವುದಿಲ್ಲ, ಇದೆ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ದಸರಾ ರಜೆಯಲ್ಲಿ ನಾವು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಅಲೆಯುತ್ತಿದ್ದೆವು, ಆ್ಯಪ್ ತೆರೆಯುತ್ತಿರಲಿಲ್ಲ, ನೆಟ್‌ವರ್ಕ್ ಹುಡುಕಿ ಮಾಳಿಗೆ ಹತ್ತುತ್ತಿದ್ದೆವು. ಸೆಕ್ಷನ್ 27 ಆಗ ಎಲ್ಲಿತ್ತೋ.

ದುಡ್ಡು ಕೊಟ್ಟರೆ ಆಗುತ್ತದಂತೆ?

ಆಗುವುದಿಲ್ಲ. ಕೊಟ್ಟ ದುಡ್ಡು ಹೋಗುತ್ತದೆ, ಸಿಕ್ಕಿಬಿದ್ದರೆ ಮಾನವೂ ಹೋಗುತ್ತದೆ.

ಹಾಗಾದರೆ ಸರಿಯಾದ ಮಾಹಿತಿಗೆ ಯಾರನ್ನು ಕೇಳಲಿ?

ಕೋರ್ಸು, ತರಬೇತಿ ವಿಷಯಕ್ಕೆ ನಿಮ್ಮ ಜಿಲ್ಲೆಯ ಡಯಟ್‌ಗೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ ಹೋಗಿ. ಡಿ.ಇಎಲ್.ಇಡಿ. ಅಲ್ಲೇ ನಡೆಯುತ್ತದೆ, ಒಳ್ಳೆಯ ಗ್ರಂಥಾಲಯವೂ ಇರುತ್ತದೆ. ಪ್ರಮಾಣಪತ್ರದ ವಿಷಯ ಬಿಇಒ ಕಚೇರಿಯಲ್ಲಿ. ಶಿರಸಿ, ಚಿಕ್ಕೋಡಿ, ಮಧುಗಿರಿ ಕಡೆಯವರಿಗೆ ಬೇರೆ ಶೈಕ್ಷಣಿಕ ಜಿಲ್ಲೆ, ಡಿಡಿಪಿಐ ಕಚೇರಿ ಅಲ್ಲೇ ಇದೆ, ಕಾರವಾರ, ಬೆಳಗಾವಿ, ತುಮಕೂರಿಗೆ ಸುಮ್ನೆ ಓಡಬೇಡಿ. ಎಲ್ಲಕ್ಕಿಂತ ಹತ್ತಿರದವರು ನಿಮ್ಮ ಕ್ಲಸ್ಟರಿನ ಸಿಆರ್‌ಪಿ, ಅಂದರೆ ಸಂಪನ್ಮೂಲ ವ್ಯಕ್ತಿ, ಹತ್ತಾರು ಶಾಲೆ ಸುತ್ತುವ ಮನುಷ್ಯ, ಎಲ್ಲಿ ಏನು ಖಾಲಿ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಮೇಲೆ ಹೇಳಿದ ಯಾರೂ ಫೀಸ್ ಕೇಳುವುದಿಲ್ಲ. ಕೇಳಿದರೆ ಎದ್ದು ಬನ್ನಿ.

ಆದೇಶ ಕೈಗೆ ಬಂತು! ಮೊದಲ ದಿನ ಏನು ಮಾಡಬೇಕು?

ಅಭಿನಂದನೆ! ಆದೇಶ ಹಿಡಿದು ಬಿಇಒ ಕಚೇರಿಗೆ ಹೋಗಿ, ಅಲ್ಲಿಂದ ಶಾಲೆಗೆ. ಎಚ್‌ಎಂ ಹಾಜರಾತಿ ಪುಸ್ತಕದಲ್ಲಿ ನಿಮ್ಮ ಹೆಸರು ಬರೆಯುತ್ತಾರೆ, ಸಹಿ ಹಾಕುವ ಮುಂಚೆ ಹೊತ್ತು ನೋಡಿಕೊಳ್ಳಿ, ಪೂರ್ವಾಹ್ನ, ಅಪರಾಹ್ನ ಅನ್ನುವುದು ಸೇವಾ ಜ್ಯೇಷ್ಠತೆಯಲ್ಲಿ ಎಣಿಕೆಗೆ ಬರುತ್ತದೆ. ಸರ್ಕಾರಿ ನೌಕರರ ಕೆಜಿಐಡಿ ವಿಮೆ, ಎನ್‌ಪಿಎಸ್ ಅರ್ಜಿ ಮೊದಲ ವಾರವೇ ತುಂಬಿ. ಮೊದಲ ಸಂಬಳ ಬರಲು ಒಂದೆರಡು ತಿಂಗಳು ಹಿಡಿಯಬಹುದು, ಮನೆ ಬಾಡಿಗೆಗೆ ಅಂತ ಸ್ವಲ್ಪ ದುಡ್ಡು ಇಟ್ಟುಕೊಂಡು ಹೋಗಿ. ಊಟದ ಡಬ್ಬಿ ಬೇಡ. ಮಕ್ಕಳ ಜೊತೆ ಕೂತು ಬಿಸಿಯೂಟ ಮಾಡಿ, ಅರ್ಧ ಶಾಲೆಯ ಹೆಸರು ಅಲ್ಲೇ ಗೊತ್ತಾಗುತ್ತದೆ.